ದೂರದ ಊರಿನಿಂದ ರವಿಕೆಯ ಅಳತೆ ಕಳುಹಿಸುವುದು: ಅನುಭವ ಇದ್ದವರು ತಿಳಿಸಿ

ಪ್ರಶ್ನೆ: ನಾನು ಈಗ ಜರ್ಮನಿಯಲ್ಲಿದ್ದೇನೆ. ಬರುವ ಮಾಘ ಮಾಸದಲ್ಲಿ ತಮ್ಮನ ಮದುವೆ ಇದೆ. ಉಡಬೇಕಾದ ಸೀರೆಗಳು ಧಾರವಾಡದಲ್ಲಿ ತಾಯಿಯವರ ಬಳಿ ಇವೆ, ನಾನು ಊರು ಸೇರುವುದು ಮದುವೆಗೆ ಕೆಲವೇ ದಿನಗಳ ಮೊದಲು. ಅಮ್ಮನ ಬಳಿ ಇರುವ ನನ್ನ ಹಳೆಯ ಅಳತೆ ರವಿಕೆ ಹೆರಿಗೆಯ ನಂತರ ಹೊಂದುವುದಿಲ್ಲ. ಮಗುವಿಗೆ ಇನ್ನೂ ಹಾಲು ಕೊಡುತ್ತಿದ್ದೇನೆ. ಅಳತೆಗಳನ್ನು ಬರೆದು ಕಳುಹಿಸಿದರೆ ಹೊಲಿದಿಡುವುದಾಗಿ ಟೈಲರ್ ಒಪ್ಪಿದ್ದಾರೆ. ಯಾವ ಯಾವ ಅಳತೆ, ಹೇಗೆ ತೆಗೆಯಬೇಕು ಎಂಬುದನ್ನು ದಯವಿಟ್ಟು ವಿವರವಾಗಿ ತಿಳಿಸಿ.

ದಾವಣಗೆರೆಯಿಂದ:

ನಾನು ಮನೆಯಲ್ಲಿಯೇ ರವಿಕೆ ಹೊಲಿದುಕೊಡುತ್ತೇನೆ. ದೂರದಿಂದ ಯಾರಾದರೂ ಅಳತೆ ಕಳುಹಿಸಿದಾಗ ನಾನು ಮೊದಲು ಕೇಳುವುದು, ಇದು ಮೈಮೇಲೆ ಹಿಡಿದ ಅಳತೆಯೋ, ಹೊಲಿದ ರವಿಕೆಯ ಮೇಲೆ ಹಿಡಿದ ಅಳತೆಯೋ ಎಂದು. ಎದೆಯ ಸುತ್ತಳತೆ 36 ಇಂಚು ಎಂಬುದು ಮೈಯ ಅಳತೆಯಾಗಿದ್ದರೆ, ಉಸಿರಾಡುವುದಕ್ಕೂ ಕೈ ಎತ್ತುವುದಕ್ಕೂ ಬೇಕಾದ ಒಂದು ಅಥವಾ ಒಂದೂವರೆ ಇಂಚನ್ನು ಅದಕ್ಕೆ ಸೇರಿಸಿ ಬಟ್ಟೆ ಕತ್ತರಿಸುತ್ತೇವೆ. ರವಿಕೆಯ ಅಳತೆಯಾಗಿದ್ದರೆ ಆ ಸಡಿಲ ಆಗಲೇ ಅದರಲ್ಲಿ ಸೇರಿರುತ್ತದೆ. ಎರಡೂ ಬಗೆಯ ಅಂಕಿಗಳು ಒಂದೇ ಚೀಟಿಯಲ್ಲಿ ಬೆರೆತು ಬಂದರೆ ಎದೆ ದೊಗಲೆಯಾಗಿ ತೋಳು ಬಿಗಿದ ರವಿಕೆ ತಯಾರಾಗುತ್ತದೆ, ಆಮೇಲೆ ತಪ್ಪು ಯಾರದೆಂದು ಹೇಳುವುದೂ ಕಷ್ಟ. ಆದ್ದರಿಂದ ಚೀಟಿಯ ತಲೆಯಲ್ಲಿಯೇ ‘ಎಲ್ಲವೂ ಮೈ ಅಳತೆ, ಸಡಿಲ ಸೇರಿಸಿಲ್ಲ’ ಎಂದು ಬರೆಯಿರಿ.

ಅಳತೆಯನ್ನು ನೀವೇ ತೆಗೆದುಕೊಳ್ಳಬೇಡಿ. ಟೇಪನ್ನು ನೋಡಲು ತಲೆ ತಗ್ಗಿಸಿದ ಕೂಡಲೇ ಭುಜ ಮುಂದಕ್ಕೆ ಬಾಗುತ್ತದೆ, ಬೆನ್ನಿನ ಅಗಲವೂ ರವಿಕೆಯ ಉದ್ದವೂ ಬದಲಾಗುತ್ತವೆ. ಮನೆಯವರಿಗೋ ಗೆಳತಿಗೋ ಟೇಪು ಕೊಟ್ಟು, ಮದುವೆಯ ದಿನ ತೊಡುವಂಥದೇ ಒಳ ಉಡುಪನ್ನು ತೊಟ್ಟು, ನೇರವಾಗಿ ನಿಂತು ಸಹಜವಾಗಿ ಉಸಿರಾಡುತ್ತಿರಿ. ಎದೆಯ ಸುತ್ತಳತೆ ಹಿಡಿಯುವಾಗ ಟೇಪು ಹಿಂದೆ ಬೆನ್ನಿನಲ್ಲಿ ಕೆಳಗೆ ಜಾರುವುದು ಬಹಳ ಸಾಮಾನ್ಯ. ಅದು ಸುತ್ತಲೂ ನೆಲಕ್ಕೆ ಸಮಾನಾಂತರವಾಗಿ ಇರುವಂತೆ ನೋಡಿಕೊಳ್ಳಬೇಕು.

ಎದೆ, ಎದೆಯ ಮೇಲ್ಭಾಗ, ಎದೆಯ ಕೆಳಗೆ ರವಿಕೆ ಮುಗಿಯುವ ಜಾಗ, ಈ ಮೂರೂ ಸುತ್ತಳತೆಗಳು ಬೇಕು. ಭುಜದ ಅಳತೆ ಎಂದರೆ ಒಂದು ಭುಜದ ಮೂಳೆಯ ತುದಿಯಿಂದ ಬೆನ್ನಿನ ಮೇಲೆ ಹಾದು ಇನ್ನೊಂದು ಭುಜದ ಮೂಳೆಯ ತುದಿಯವರೆಗಿನ ಅಂತರ. ತೋಳಿನ ಉದ್ದವನ್ನು ಅದೇ ಮೂಳೆಯಿಂದ ಆರಂಭಿಸಿ, ತೋಳು ಮುಗಿಯುವಲ್ಲಿ ಸುತ್ತಳತೆಯನ್ನೂ ತೋಳಿನ ಅತಿ ದಪ್ಪ ಭಾಗದ ಸುತ್ತಳತೆಯನ್ನೂ ಬೇರೆ ಬೇರೆಯಾಗಿ ಬರೆಯಿರಿ. ಆರ್ಮ್‌ಹೋಲ್ (ರವಿಕೆಗೆ ತೋಳು ಸೇರುವ ಜಾಗದ ಸುತ್ತು) ಅಳೆಯುವಾಗ ಕೈ ಇಳಿಬಿಟ್ಟಿರಬೇಕು, ಟೇಪಿನೊಳಗೆ ಎರಡು ಬೆರಳು ಹೋಗಬೇಕು.

ಹೆಚ್ಚಿನವರು ಬಿಟ್ಟುಬಿಡುವ ಅಳತೆಗಳು ಎರಡಿವೆ. ಕತ್ತು ಮತ್ತು ಭುಜ ಸೇರುವ ಜಾಗದಿಂದ ಎದೆಯ ತುದಿಯವರೆಗಿನ ಉದ್ದ ಒಂದು, ಎರಡು ತುದಿಗಳ ನಡುವಿನ ಅಂತರ ಇನ್ನೊಂದು. ಡಾಟ್ (ಎದೆಯ ಆಕಾರ ಬರಲು ಬಟ್ಟೆಯನ್ನು ಮಡಿಸಿ ಹಾಕುವ ಚೂಪು ಹೊಲಿಗೆ) ಎಲ್ಲಿಗೆ ಬಂದು ನಿಲ್ಲಬೇಕೆಂಬುದನ್ನು ನಿರ್ಧರಿಸುವುದು ಇವೇ. ಸುತ್ತಳತೆ ಎಷ್ಟೇ ಸರಿಯಾಗಿದ್ದರೂ ಡಾಟ್ ಮುಕ್ಕಾಲು ಇಂಚು ಮೇಲೆ ಬಂದರೆ ರವಿಕೆ ಮುಂದೆ ಮುದುಡಿಕೊಳ್ಳುತ್ತದೆ, ಎಷ್ಟು ಬಿಚ್ಚಿ ಹೊಲಿದರೂ ಆ ಮುದುಡು ಪೂರ್ತಿ ಹೋಗುವುದಿಲ್ಲ. ಬಾಣಂತನದ ನಂತರ ಮೊದಲು ಬದಲಾಗುವ ಅಳತೆಗಳಲ್ಲಿ ಇವೂ ಸೇರಿರುವುದರಿಂದ ನಿಮ್ಮ ಹಳೆಯ ರವಿಕೆಯಿಂದ ಇವನ್ನು ಖಂಡಿತ ತೆಗೆದುಕೊಳ್ಳಬೇಡಿ. ಕೊರಳಿನ ಆಳ ಮಾತ್ರ ನಿಮ್ಮ ಇಷ್ಟ. ಅದನ್ನು ಹಳೆಯ ರವಿಕೆಯಂತೆಯೇ ಇಡಲು ಹೇಳಬಹುದು.

ಸಿಂಗಪುರದಿಂದ:

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಸೇರಿಸುವುದು ಟೇಪಿನ ಬಗ್ಗೆ. ನಮ್ಮ ಕಡೆಯ ಟೇಪಿನಲ್ಲಿ ಒಂದು ಬದಿಗೆ 60 ಇಂಚು, ಇನ್ನೊಂದು ಬದಿಗೆ 150 ಸೆಂಟಿಮೀಟರ್ ಇರುತ್ತದೆ. ಯುರೋಪಿನಲ್ಲಿ ಕೊಂಡ ಟೇಪಿನಲ್ಲಿ ಎರಡೂ ಬದಿಗೆ ಸೆಂಟಿಮೀಟರ್ ಇರಬಹುದು. ಹಾಗಿದ್ದರೆ ಪ್ರತಿ ಅಂಕಿಯನ್ನೂ 2.54ರಿಂದ ಭಾಗಿಸಿ ಇಂಚಿಗೆ ತನ್ನಿ, ಆದರೆ ದಶಮಾಂಶದಲ್ಲಿ ಬರೆಯಬೇಡಿ. ಟೈಲರ್ ಬಳಸುವ ಟೇಪಿನಲ್ಲಿ ಇಂಚನ್ನು ಎಂಟು ಭಾಗ ಮಾಡಿರುತ್ತದೆ, 14.3 ಎಂದು ಬರೆದರೆ ಹದಿನಾಲ್ಕರ ಮೇಲೆ ಮೂರು ಗೆರೆ ಎಂದು ಎಣಿಸುವವರಿದ್ದಾರೆ. ‘ಹದಿನಾಲ್ಕೂಕಾಲು’ ಎಂದು ಅಕ್ಷರದಲ್ಲಿ ಬರೆದರೆ ಸಂಶಯಕ್ಕೆ ಎಡೆಯೇ ಇರುವುದಿಲ್ಲ. ಹಳೆಯ ಟೇಪು ಎಳೆದು ಎಳೆದು ಉದ್ದವಾಗಿರುವುದೂ ಉಂಟು, ಮೊದಲು ಉಕ್ಕಿನ ಸ್ಕೇಲಿನ ಪಕ್ಕದಲ್ಲಿಟ್ಟು ಪರೀಕ್ಷಿಸಿ.

ಬೆಂಗಳೂರಿನಿಂದ:

ಇಷ್ಟು ತೊಂದರೆ ಏಕೆ, ಸಿದ್ಧ ರವಿಕೆ ಕೊಳ್ಳಬಹುದಲ್ಲ ಎಂದು ಯಾರಾದರೂ ಸೂಚಿಸಬಹುದು. ಎಳೆದರೆ ಹಿಗ್ಗುವ ಬಟ್ಟೆಯದಾದರೆ ಆಗಬಹುದು, ರೇಷ್ಮೆಗೆ ಅದು ಹೊಂದುವುದಿಲ್ಲ. ಅಂಗಡಿಯಲ್ಲಿ 36 ಎಂದು ಬರೆದಿರುವುದು ಒಂದೊಂದು ಕಂಪನಿಯದು ಒಂದೊಂದು ರೀತಿ, ಏಕೆಂದರೆ ನಮ್ಮ ದೇಶದ ಮೈಕಟ್ಟಿಗೆ ತಕ್ಕ ಅಳತೆಯ ಪಟ್ಟಿಯನ್ನು ಎಲ್ಲರೂ ಒಂದೇ ಸಮನಾಗಿ ಅನುಸರಿಸುವ ರೂಢಿ ಇನ್ನೂ ಬೆಳೆದಿಲ್ಲ. ಅಂಥ ಪಟ್ಟಿಗಾಗಿಯೇ ನಿಫ್ಟ್ (ರಾಷ್ಟ್ರೀಯ ಫ್ಯಾಷನ್ ತಂತ್ರಜ್ಞಾನ ಸಂಸ್ಥೆ) ಬೆಂಗಳೂರು, ಶಿಲ್ಲಾಂಗ್ ಸೇರಿದಂತೆ ಆರು ನಗರಗಳಲ್ಲಿ ಸ್ಕ್ಯಾನರ್ ಮೂಲಕ ಜನರ ಮೈ ಅಳತೆ ಪಡೆಯುವ ‘ಇಂಡಿಯಾಸೈಜ್’ ಸಮೀಕ್ಷೆಯನ್ನು ಕೈಗೊಂಡಿತು.

ಹುಬ್ಬಳ್ಳಿಯಿಂದ:

ತಂಗಿ, ನಿನ್ನ ಸ್ಥಿತಿಯಲ್ಲಿಯೇ ನನ್ನ ಮಗಳೂ ಇದ್ದಳು, ಆದ್ದರಿಂದ ಬರೆಯುತ್ತಿದ್ದೇನೆ. ಹಾಲು ಕೊಡುವ ತಾಯಿಯ ಎದೆಯ ಅಳತೆ ದಿನವಿಡೀ ಒಂದೇ ಇರುವುದಿಲ್ಲ. ಕುಡಿಸುವ ಮೊದಲೊಮ್ಮೆ, ಕುಡಿಸಿದ ಮೇಲೊಮ್ಮೆ ಅಳೆದು ದೊಡ್ಡದನ್ನೇ ಬರೆದು ಕಳುಹಿಸು. ಮದುವೆ ಮನೆಯಲ್ಲಿ ಮಗುವಿಗೆ ಕುಡಿಸುವುದಿರುವುದರಿಂದ ಹುಕ್ಕು ಮುಂದೆಯೇ ಇರಲಿ ಎಂದು ಸ್ಪಷ್ಟವಾಗಿ ತಿಳಿಸು. ಬೆನ್ನಿನಲ್ಲಿ ಹುಕ್ಕು ಇಡುವ ಮಾದರಿ ಎಷ್ಟು ಚೆನ್ನಾಗಿ ಕಂಡರೂ ಈ ಸಲ ಬೇಡ.

ಪಕ್ಕದ ಹೊಲಿಗೆಯೊಳಗೆ ಎರಡೂ ಕಡೆ ಒಂದೂವರೆ ಇಂಚು ಬಟ್ಟೆ ಬಿಡಲು ಹೇಳು. ತೋಳಿನ ಅಂಚಿನಿಂದ ಕಂಕುಳ ದಾಟಿ ಕೆಳಗಿನವರೆಗೆ ಒಂದೇ ಹೊಲಿಗೆಯಲ್ಲಿ ಬಂದು, ಅದರ ಪಕ್ಕದಲ್ಲಿ ಕಾಲಿಂಚು ಅಂತರದಲ್ಲಿ ಇನ್ನೆರಡು ಸಾಲು ಹೊಲಿಗೆ ಹಾಕಿಸಿದರೆ, ಊರಿಗೆ ಬಂದ ದಿನ ತೊಟ್ಟು ನೋಡಿ ಮೈಗೆ ಹತ್ತಿರದ ಸಾಲನ್ನು ಬ್ಲೇಡಿನಿಂದ ಬಿಚ್ಚಿದರೆ ಸಾಕು, ತೋಳೂ ಎದೆಯೂ ಒಟ್ಟಿಗೇ ಸಡಿಲವಾಗುತ್ತವೆ. ಒಂದು ಸಾಲು ಬಿಚ್ಚಿದರೆ ಎರಡು ಪಕ್ಕ ಸೇರಿ ಸುಮಾರು ಒಂದು ಇಂಚು ಸಿಗುತ್ತದೆ.

ಲೈನಿಂಗ್ ಬಟ್ಟೆಯನ್ನು ಹೊಲಿಯಲು ಕೊಡುವ ಮುನ್ನ ರಾತ್ರಿ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಲು ತಾಯಿಗೆ ಹೇಳು. ಹತ್ತಿಯ ಲೈನಿಂಗ್ ಮೊದಲ ಒಗೆತದಲ್ಲಿ ಕುಗ್ಗಿದರೆ ಅಳತೆಯೆಲ್ಲ ವ್ಯರ್ಥ. ಇಳಕಲ್ ಸೀರೆಗೆ ಗುಳೇದಗುಡ್ಡದ ಖಣದಲ್ಲಿ (ರವಿಕೆಗೆಂದೇ ನೇಯುವ ಬಟ್ಟೆ) ಹೊಲಿಸುವುದಾದರೆ ಅದರ ಪನ್ನ, ಅಂದರೆ ಅಗಲ, ಕಡಿಮೆ ಎಂಬುದನ್ನು ನೆನಪಿಡು. ಮೊಣಕೈವರೆಗಿನ ತೋಳು ಬೇಕಿದ್ದರೆ ಅಳತೆ ಮೊದಲು ತಿಳಿಸಿ, ಎಷ್ಟು ಖಣ ಬೇಕೆಂದು ಟೈಲರನ್ನೇ ಕೇಳಿ ತರಿಸಿಕೊಳ್ಳಬೇಕು. ಬೆಲೆಬಾಳುವ ಸೀರೆಯ ಬಟ್ಟೆಗೆ ಕತ್ತರಿ ಹಾಕುವ ಮೊದಲು ಇದೇ ಅಳತೆಗೆ ಒಂದು ಸಾದಾ ಹತ್ತಿಯ ರವಿಕೆ ಹೊಲಿಸಿ, ಆ ಕಡೆಗೆ ಹೊರಡುವವರ ಕೈಯಲ್ಲಿ ನಿನಗೆ ಕಳುಹಿಸಿದರೆ, ತೊಟ್ಟು ನೋಡಿ ಎಲ್ಲಿ ಎಷ್ಟು ಬಿಗಿ, ಎಲ್ಲಿ ಎಷ್ಟು ಸಡಿಲ ಎಂಬುದನ್ನು ಮಾತ್ರ ತಿಳಿಸಿದರಾಯಿತು.