ಅಪ್‌ಡೇಟ್: ಅಪ್ಪನ ರಾತ್ರಿ ಬೆವರಿಗೆ ಕಾರಣ ಸಿಕ್ಕಿತು

ಹತ್ತು ದಿನದ ಹಿಂದೆ ಕೇಳಿದ್ದೆ: ಕಾರವಾರದಲ್ಲಿರುವ ಅಪ್ಪನಿಗೆ ರಾತ್ರಿ ಎರಡು ಮೂರು ಗಂಟೆಗೆ ಬನಿಯನ್ ಹಿಂಡುವಷ್ಟು ಬೆವರು, ಏನಿರಬಹುದು ಅಂತ. ಶುಗರ್‌ಗೂ ಬಿಪಿಗೂ ಮಾತ್ರೆ ಇದೆ ಅಂತಲೂ ಬರೆದಿದ್ದೆ.

ನೀವೆಲ್ಲ ಹೇಳಿದ್ದನ್ನು ಮಾಡಿ ನೋಡಿದೆ. ಫ್ಯಾನ್ ಜೋರು ಮಾಡಿದ್ದಾಯಿತು, ಬೆವರು ನಿಲ್ಲಲಿಲ್ಲ. ಮುರುಗಲು (ಕೋಕಂ) ಪಾನಕ ರುಚಿಯಾಗಿತ್ತು, ಅಷ್ಟೇ. ಥೈರಾಯ್ಡ್ ಟೆಸ್ಟ್ ನಾರ್ಮಲ್. ನಾನಂತೂ ಕಡಲ ಕಡೆಯ ಸೆಕೆ ಅಂತ ಸುಮ್ನಿದ್ದೆ. ಆದರೆ ಅದೇ ಕೋಣೆಯಲ್ಲಿ ಅಮ್ಮ ಬೆವರುತ್ತಿರಲಿಲ್ಲ ಅಲ್ವಾ?

ಕೆಲಸಕ್ಕೆ ಬಂದದ್ದು "ಬೆವರಿದ ಹೊತ್ತಲ್ಲೇ ಶುಗರ್ ನೋಡಿ" ಅಂತ ಇಲ್ಲಿ ಬರೆದ ಅಕ್ಕನ ಮಾತು. ಮೂರನೇ ರಾತ್ರಿ 2.40ಕ್ಕೆ ಅಮ್ಮ ಎಬ್ಬಿಸಿದಳು. ಅಪ್ಪನ ಹಣೆ ತಣ್ಣಗೆ, ತಲೆದಿಂಬು ಒದ್ದೆ. ಬೆರಳು ಒರೆಸಿ ಚುಚ್ಚಿದೆ: 54. 70ಕ್ಕಿಂತ ಕೆಳಗೆ ಹೋದರೆ ಕಡಿಮೆ ಅಂತ ಲೆಕ್ಕ. ಮೂರು ಚಮಚ ಸಕ್ಕರೆ ನೀರಲ್ಲಿ ಕದಡಿ ಕುಡಿಸಿದೆ. ಹದಿನೈದು ನಿಮಿಷಕ್ಕೆ 88.

ಡಾಕ್ಟರು ರಾತ್ರಿಯ ಶುಗರ್ ಮಾತ್ರೆ ಅರ್ಧಕ್ಕಿಳಿಸಿದರು. ಸಂಜೆ ಏಳಕ್ಕೇ ಒಂದಿಷ್ಟು ಗಂಜಿ ಕುಡಿದು ಮಲಗುವುದೂ ಕಾರಣವಂತೆ.

ಆಶ್ಚರ್ಯದ್ದು ಇನ್ನೊಂದು. ಶುಗರ್ ಇಳಿದಾಗ ಸಾಮಾನ್ಯವಾಗಿ ಕೈ ನಡುಗುತ್ತದೆ, ಎದೆ ಡವಡವ ಅನ್ನುತ್ತದೆ. ಅಪ್ಪನಿಗೆ ಎರಡೂ ಇಲ್ಲ. ಬಿಪಿಗೆ ತೆಗೆದುಕೊಳ್ಳುವುದು ಬೀಟಾ ಬ್ಲಾಕರ್ ಅನ್ನುವ ಬಗೆಯ ಮಾತ್ರೆ. ಶುಗರ್ ಇಳಿದಾಗ ದೇಹ ಬಿಡುವ ಅಡ್ರಿನಲಿನ್ ಹಾರ್ಮೋನಿಗೆ ಅದು ಅಡ್ಡ ನಿಲ್ಲುವುದರಿಂದ ನಡುಕ, ಬಡಿತ ಮುಚ್ಚಿಹೋಗುತ್ತವೆ. ಬೆವರಿನ ಗ್ರಂಥಿಗೆ ನರಗಳು ಸುದ್ದಿ ಮುಟ್ಟಿಸುವುದು ಅಸಿಟೈಲ್‌ಕೋಲಿನ್ ಅನ್ನುವ ಬೇರೆ ರಾಸಾಯನಿಕದ ಮೂಲಕ. ಆ ಮಾತ್ರೆ ಅದನ್ನು ತಡೆಯುವುದಿಲ್ಲ. ಉಳಿದಿದ್ದ ಒಂದೇ ಸುಳಿವನ್ನು ನಾವು ಫ್ಯಾನ್ ಹಾಕಿ ಓಡಿಸಲು ನೋಡಿದ್ದು!

ಆರು ರಾತ್ರಿಯಿಂದ ಬನಿಯನ್ ಒಣಗಿದೆ. ನಿಮ್ಮ ಮನೆಯಲ್ಲೂ ಹೀಗಾದರೆ ಮಾತ್ರೆ ನೀವೇ ಇಳಿಸಬೇಡಿ, ಡಾಕ್ಟರನ್ನು ಕೇಳಿ. ಬೆರಳು ಚುಚ್ಚಿದ್ದಕ್ಕೆ ಅಪ್ಪನ ಗೊಣಗಾಟ ಮಾತ್ರ ಇನ್ನೂ ನಿಂತಿಲ್ಲ.