ಅಪ್‌ಡೇಟ್: ಸ್ಟಾರ್‌ಡ್ಯೂ ವ್ಯಾಲಿ ಮನೆಗೆ ಕೊನೆಗೂ ಅಡುಗೆಮನೆ ಬಂತು

ಹೋದ ತಿಂಗಳು ಕೇಳಿದ್ದೆ ಅಲ್ವಾ, ಸ್ಟಾರ್‌ಡ್ಯೂ ವ್ಯಾಲಿ ಅನ್ನೋ ಬೇಸಾಯದ ವಿಡಿಯೋ ಗೇಮಿನಲ್ಲಿ ಮೊದಲು ಮನೆ ದೊಡ್ಡದು ಮಾಡಿಸಲಾ, ದೊಡ್ಡ ಬ್ಯಾಗ್ ಕೊಳ್ಳಲಾ ಅಂತ. ನೀವೆಲ್ಲ ಬ್ಯಾಗ್ ಅಂದಿರಿ. ಆಟದ ದುಡ್ಡಿನಲ್ಲಿ 2,000 ಕೊಟ್ಟು ಕೊಂಡೆ. ಸರಿಯಾಗೇ ಹೇಳಿದ್ದಿರಿ, ಗಣಿಯಿಂದ ಬರುವಾಗ ಸಾಮಾನು ಬಿಸಾಡುವುದು ತಪ್ಪಿತು.

ಬೇಸಿಗೆಯಲ್ಲಿ ಬರೀ ಬ್ಲೂಬೆರಿ ಹಾಕಿದೆ. ಒಮ್ಮೆ ನೆಟ್ಟರೆ ಮತ್ತೆ ಮತ್ತೆ ಹಣ್ಣು ಬಿಡುತ್ತದೆ. ಮನೆಗೆ ಬೇಕಾದ 10,000 ಹಾಗೇ ಸೇರಿತು. ಸುಸ್ತಾಗಿಸಿದ್ದು ಅದಕ್ಕೇ ಬೇಕಾದ 450 ಕಟ್ಟಿಗೆ! ಡೊಂಬಿವಲಿಯಿಂದ ದಾದರ್‌ವರೆಗೆ ಮುಂಬೈ ಲೋಕಲ್ ರೈಲಿನಲ್ಲಿ ನಿಂತುಕೊಂಡೇ ಒಂದು ಕೈಯಲ್ಲಿ ಮರ ಕಡಿದೆ. ಎಲ್ಲ ಸೇರಿದ ಕೂಡಲೇ ಬಡಗಿ ರಾಬಿನ್ ಹತ್ತಿರ ಓಡಿದೆ. ಅವತ್ತು ಮಂಗಳವಾರ. ಅಂಗಡಿ ರಜೆ. ನಗಬೇಡಿ.

ಬುಧವಾರ ದುಡ್ಡು ಕಟ್ಟಿದೆ, ಮೂರು ದಿನಕ್ಕೆ ಕೆಲಸ ಮುಗಿಯಿತು. ನಮ್ಮ ಬಿಲ್ಡಿಂಗಿನ ಲಿಫ್ಟ್ ಕೆಟ್ಟು ಎರಡು ತಿಂಗಳಾಯಿತು, ಇರಲಿ ಬಿಡಿ.

ಈಗ ಒಲೆ, ಫ್ರಿಜ್ ಎರಡೂ ಇವೆ. ಮೊದಲು ಮಾಡಿದ್ದು ಮೊಟ್ಟೆ ಫ್ರೈ, ಬೇರೇನೂ ಬರುತ್ತಿರಲಿಲ್ಲ. ಭಾನುವಾರ ಆಟದೊಳಗಿನ ಟಿವಿಯಲ್ಲಿ ಹೊಸ ಅಡುಗೆ ಕಲಿಯುತ್ತಿದ್ದೇನೆ. ನನ್ನ ಹೆಂಡತಿ ಇಣುಕಿ ನೋಡಿ ಕೇಳಿದಳು: "ಅಲ್ಲಿ ಹೊಸ ಅಡುಗೆಮನೆ ಆಯಿತು, ಇಲ್ಲಿ ಸೋರೋ ನಲ್ಲಿ ಯಾವಾಗ ಸರಿ ಮಾಡಿಸ್ತೀರಿ?"