ಪ್ರಶ್ನೋತ್ತರ: ಬಿಗಿ ಜಡೆ, ಚೌರಿ ಮತ್ತು ಹಿಂದೆ ಸರಿಯುವ ಮುಂಗೂದಲು

ನಿರ್ವಾಹಕಿ: ಭರತನಾಟ್ಯ ಕಲಿಯುವವರ ಹಾಗೂ ಪೋಷಕರ ಈ ಗುಂಪಿನಲ್ಲಿ ಇಂದು ಚರ್ಮರೋಗ ತಜ್ಞೆಯೊಬ್ಬರು ಉತ್ತರಿಸಲಿದ್ದಾರೆ. ಫೋಟೊ ಹಾಕುವವರು ಮಕ್ಕಳ ಮುಖವನ್ನು ಮರೆಮಾಡಬೇಕು.

ಮೈಸೂರಿನ ತಾಯಿ: ಡಾಕ್ಟರ್ ಮೇಡಂ, ಹನ್ನೆರಡು ವರ್ಷದ ಮಗಳಿಗೆ ಎರಡೂ ಕಣತಲೆಗಳಲ್ಲಿ ಕೂದಲು ತೆಳುವಾಗಿದೆ. ಮತ್ತೆ ಬರುತ್ತದೆಯೇ?

ವೈದ್ಯೆ: ಚರ್ಮದಲ್ಲಿ ಕೂದಲಿನ ರಂಧ್ರಗಳು ಇನ್ನೂ ಕಾಣುತ್ತಿದ್ದರೆ ಬರುವ ಸಾಧ್ಯತೆ ಚೆನ್ನಾಗಿದೆ, ಆದರೆ ಮೊದಲು ಬಿಗಿ ಜಡೆಯ ಎಳೆತ ನಿಲ್ಲಬೇಕು. ತರಗತಿಗೆ ಸಡಿಲವಾದ ಒಂಟಿ ಜಡೆ ಸಾಕು, ಚೌರಿ ವೇದಿಕೆಗಷ್ಟೇ ಇರಲಿ. ಕೂದಲು ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಮಾತ್ರ ಬೆಳೆಯುವುದರಿಂದ ನಾಲ್ಕು ತಿಂಗಳಿಗೆ ಮೊದಲು ಕನ್ನಡಿಯ ಮುಂದೆ ನಿಂತು ಲೆಕ್ಕ ಹಾಕಬೇಡಿ.

ಸದಸ್ಯೆ: ಹರಳೆಣ್ಣೆ ಹಚ್ಚಿದರೆ ಬೇಗ ಬರುತ್ತದೆಯಂತಲ್ಲ?

ವೈದ್ಯೆ: ಹರಳೆಣ್ಣೆಯಿಂದ ಕೂದಲು ನುಣುಪಾಗುತ್ತದೆ, ಆದರೆ ಹೊಸ ಕೂದಲು ಹುಟ್ಟುತ್ತದೆ ಎಂಬುದಕ್ಕೆ ಆಧಾರವಿಲ್ಲ.

ಇನ್ನೊಬ್ಬ ಸದಸ್ಯೆ: ನನಗೆ ಬಂದ ಫಾರ್ವರ್ಡ್‌ನಲ್ಲಿ ಈರುಳ್ಳಿ ರಸಕ್ಕೆ ಬೆಳ್ಳುಳ್ಳಿ ಅರೆದು ಸೇರಿಸಿ ರಾತ್ರಿಯಿಡೀ ಕಟ್ಟಿಕೊಳ್ಳಲು ಹೇಳಿದ್ದಾರೆ. ಈರುಳ್ಳಿ ರಸದ ಬಗ್ಗೆ ಸಂಶೋಧನೆಯೂ ನಡೆದಿದೆ.

ವೈದ್ಯೆ: ಆ ಸಣ್ಣ ಅಧ್ಯಯನ ನಡೆದದ್ದು ಕೂದಲು ದುಂಡು ದುಂಡಾಗಿ ಉದುರುವ ಅಲೊಪೇಶಿಯಾ ಏರಿಯೇಟಾ ಎಂಬ ಬೇರೆಯೇ ಕಾಯಿಲೆಯ ಮೇಲೆ. ಹಸಿ ಬೆಳ್ಳುಳ್ಳಿಯನ್ನು ಚರ್ಮಕ್ಕೆ ಕಟ್ಟಿದರೆ ಸುಟ್ಟಂತೆ ಬೊಬ್ಬೆ ಏಳಬಹುದು. ಆ ಗಾಯ ಕಲೆಗಟ್ಟಿದ ಜಾಗದಲ್ಲಿ ಮುಂದೆ ಕೂದಲು ಬಾರದೆಯೂ ಇರಬಹುದು. ದಯವಿಟ್ಟು ಆ ಸಂದೇಶವನ್ನು ಇಲ್ಲಿಗೆ ತರಬೇಡಿ.

ನೃತ್ಯಗುರು: ವೇದಿಕೆಯ ಮೇಲೆ ಜತಿಯ ಮಧ್ಯದಲ್ಲಿ ಚೌರಿ ಕಳಚಿ ಬಿದ್ದರೆ ಅವಮಾನವಾಗುವುದು ಮಗುವಿಗೇ. ಬಿಗಿಯದೆ ತಲೆಯ ಹಿಂದಿನ ಆಭರಣ ರಾಕೋಡಿ ನಿಲ್ಲುವುದಿಲ್ಲ.

ಮೈಸೂರಿನ ತಾಯಿ: ಕಳೆದ ಕಾರ್ಯಕ್ರಮದಲ್ಲಿ ತಲೆನೋವಿನಿಂದ ನನ್ನ ಮಗಳು ವಾಂತಿ ಮಾಡಿಕೊಂಡಳು. ಪಿನ್ನುಗಳನ್ನು ತೆಗೆಯುತ್ತಾ ಎಣಿಸಿದೆ, ನಲವತ್ತೊಂದು ಇದ್ದವು.

ನೃತ್ಯಗುರು: ವರ್ಷಕ್ಕೆ ಮೂರು ಸಲ ನಾವು ಬಿಗಿಯುತ್ತೇವೆ. ದಿನಾ ಬೆಳಿಗ್ಗೆ ಶಾಲೆಗೆಂದು ಎರಡು ಜಡೆ ಎಳೆದು ಹೆಣೆಯುವವರು ಯಾರು, ಅದನ್ನೂ ಹೇಳಿ.

ಮೈಸೂರಿನ ತಾಯಿ: ಶಾಲೆಯ ನಿಯಮ ಮಾಡಿದ್ದು ನಾನಲ್ಲ. ನಿಮ್ಮ ಧಾಟಿ ಸರಿಯಿಲ್ಲ.

ಯಲ್ಲಾಪುರದ ಸದಸ್ಯೆ: ನಾನು ಸಿದ್ದಿ ಸಮುದಾಯದವಳು. ನನ್ನ ಸುರುಳಿ ಕೂದಲನ್ನು ಕಾಪಾಡುತ್ತದೆಂದು ಹೇಳಿ ಬೆಂಗಳೂರಿನ ಪಾರ್ಲರಿನಲ್ಲಿ ಕೃತಕ ಕೂದಲು ಸೇರಿಸಿ ಸಣ್ಣ ಸಣ್ಣ ಜಡೆ ಹೆಣೆದಿದ್ದಾರೆ. ಮೂರು ದಿನದಿಂದ ಮಲಗಲಾಗುತ್ತಿಲ್ಲ, ಹಣೆಯಂಚಿನಲ್ಲಿ ಗುಳ್ಳೆಗಳೆದ್ದಿವೆ.

ವೈದ್ಯೆ: ನೋವು ಮತ್ತು ಗುಳ್ಳೆ ಬಂದಮೇಲೆ ಅದು ಕಾಪಾಡುವ ಜಡೆಯಲ್ಲ. ಮುಂದಿನ ಎರಡು ಸಾಲುಗಳನ್ನು ಇಂದೇ ಬಿಚ್ಚಿಸಿ. ಕೀವು ಕಂಡರೆ ವೈದ್ಯರಿಗೆ ತೋರಿಸಿ. ಮುಂದೆ ಹೆಣೆಸುವಾಗ ಹಣೆಯಂಚಿನ ಎಳೆಗೂದಲನ್ನು ಹೊರಗೇ ಬಿಡಬೇಕು, ಜಡೆ ದಪ್ಪವಾಗಿಯೂ ಹಗುರವಾಗಿಯೂ ಇರಬೇಕು, ರಾಸಾಯನಿಕ ಹಾಕಿ ನೇರಗೊಳಿಸಿದ ಕೂದಲಿಗಂತೂ ಭಾರ ಕಟ್ಟಲೇಬಾರದು.

ಶಿರಸಿಯ ಕಲಾವಿದೆ: ನನಗೆ 54 ವರ್ಷ. ಮೂವತ್ತು ವರ್ಷ ತುರುಬು ಬಿಗಿದಿದ್ದೇನೆ. ಒಂದು ಕಿವಿಯಿಂದ ಇನ್ನೊಂದು ಕಿವಿಯವರೆಗೆ ಮುಂಗೂದಲು ಪಟ್ಟಿಯಂತೆ ಹಿಂದೆ ಸರಿದಿದೆ. ಎರಡು ವರ್ಷದಿಂದ ಕೂದಲನ್ನು ಸಡಿಲವಾಗಿ ಬಿಟ್ಟರೂ ಅದು ನಿಂತಿಲ್ಲ. ಕಸಿ ಮಾಡಿಸಲೇ?

ವೈದ್ಯೆ: ಸದ್ಯಕ್ಕೆ ಕಸಿಯ ಮಾತು ಬೇಡ. ನಿಮ್ಮ ಪ್ರಶ್ನೆಯನ್ನು ಎರಡು ಸಲ ಓದಿದೆ. ಎಳೆತದಿಂದ ಉದುರಿದಾಗ ಹಳೆಯ ಅಂಚಿನ ಉದ್ದಕ್ಕೂ ಜಡೆಗೆ ಸಿಕ್ಕದಷ್ಟು ಚಿಕ್ಕ, ನವಿರಾದ ಕೂದಲಿನ ಒಂದು ಸಾಲು ಸಾಮಾನ್ಯವಾಗಿ ಉಳಿದಿರುತ್ತದೆ. ಜೊತೆಗೆ, ಎಳೆತ ನಿಂತಮೇಲೆ ನಷ್ಟವೂ ಬಹುಮಟ್ಟಿಗೆ ನಿಲ್ಲುತ್ತದೆ. ಆ ಸಾಲೇ ಇಲ್ಲದೆ, ಬಿಸಿಲು ಕಾಣದ ಚರ್ಮದಂತೆ ನುಣುಪಾಗಿ ಬೆಳ್ಳಗಿರುವ ಪಟ್ಟಿಯ ನಡುವೆ ಅಲ್ಲೊಂದು ಇಲ್ಲೊಂದು ಒಂಟಿ ಕೂದಲು ನಿಂತಿದ್ದರೆ, ಅದು ಫ್ರಂಟಲ್ ಫೈಬ್ರೋಸಿಂಗ್ ಅಲೊಪೇಶಿಯಾ ಇರಬಹುದು. 1994ರಲ್ಲಿ ಮೊದಲು ವರ್ಣಿಸಲಾದ ಈ ಕಾಯಿಲೆ ಹೆಚ್ಚಾಗಿ ಮುಟ್ಟು ನಿಂತ ಮಹಿಳೆಯರಲ್ಲಿ ಕಾಣುತ್ತದೆ. ಇದು ಕೂದಲಿನ ಬುಡವನ್ನೇ ಉರಿಯೂತದಿಂದ ನಾಶಮಾಡುವುದರಿಂದ ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಔಷಧದಿಂದ ಉಳಿಸಿಕೊಳ್ಳಲು ಪ್ರಯತ್ನಿಸಬೇಕು. ಕಾಯಿಲೆ ಚುರುಕಾಗಿರುವಾಗ ಕಸಿ ಮಾಡಿದ ಕೂದಲೂ ಉದುರಿಹೋಗುತ್ತದೆ. ನಿಮ್ಮ ಹುಬ್ಬುಗಳು ಹೇಗಿವೆ?

ಸದಸ್ಯೆ: ಮಗಳ ಕಣತಲೆಯ ಕೂದಲು ಮತ್ತೆ ಬರುತ್ತದೆಯೇ?

ವೈದ್ಯೆ: ಮೇಲೆ ಉತ್ತರಿಸಿದ್ದೇನೆ.

ಸದಸ್ಯೆ: ಕೂದಲು ಬೆಳೆಯಲು ಹಚ್ಚುವ ಔಷಧ ಮಿನಾಕ್ಸಿಡಿಲ್ ಹಚ್ಚಬಹುದೇ?

ವೈದ್ಯೆ: ವೈದ್ಯರು ನೋಡಿ ಬರೆದುಕೊಟ್ಟರೆ ಮಾತ್ರ. ಗರ್ಭಿಣಿಯರಿಗೆ ಬೇಡ. ಮೊದಲ ವಾರಗಳಲ್ಲಿ ಉದುರುವುದು ಹೆಚ್ಚಾದಂತೆ ಕಂಡರೆ ಗಾಬರಿಯಾಗಬೇಡಿ.

ಈರುಳ್ಳಿಯ ಸದಸ್ಯೆ: ಅಜ್ಜಿಯಂದಿರ ಮದ್ದೆಲ್ಲ ತಪ್ಪು, ಅಂಗಡಿಯ ಬಾಟಲಿ ಮಾತ್ರ ಸರಿ ಅನ್ನಿ.

ವೈದ್ಯೆ: ನಿಮ್ಮ ಅಜ್ಜಿ ತಲೆಗೆ ಬೆಳ್ಳುಳ್ಳಿ ಕಟ್ಟಿಕೊಂಡು ಮಲಗಿದ್ದನ್ನು ನೀವು ಕಂಡಿದ್ದೀರಾ?

ನಿರ್ವಾಹಕಿ: ಮಾತು ಮಿತಿಯಲ್ಲಿರಲಿ.

ಶಿರಸಿಯ ಕಲಾವಿದೆ: ಹುಬ್ಬು ನಾಲ್ಕು ವರ್ಷದ ಹಿಂದೆಯೇ ಉದುರಿತು. ಥೈರಾಯ್ಡ್ ಇರಬಹುದೆಂದುಕೊಂಡು ಪೆನ್ಸಿಲಿನಿಂದ ತಿದ್ದುತ್ತಿದ್ದೇನೆ. ಹಣೆಯ ಮೇಲೆ ಒಂಟಿ ಕೂದಲುಗಳು ಮೂರಿವೆ, ಈಗಷ್ಟೇ ಎಣಿಸಿದೆ.

ವೈದ್ಯೆ: ಹಾಗಾದರೆ ಈ ವಾರವೇ ಚರ್ಮತಜ್ಞರನ್ನು ಕಾಣಿ, ಬಯಾಪ್ಸಿ (ಚರ್ಮದ ಚೂರು ತೆಗೆದು ಮಾಡುವ ಪರೀಕ್ಷೆ) ಬೇಕಾಗಬಹುದು. ಹೋಗುವ ದಿನ ಹುಬ್ಬಿಗೆ ಪೆನ್ಸಿಲ್ ಹಚ್ಚಬೇಡಿ.